ಹಾಡು ಸಿಕ್ಕಿತೇನೋ?

ನನ್ನ ತಾಯಿಯ ಅಕ್ಕನಿಗೆ, ಅಂದರೆ ನನ್ನ ದೊಡ್ಡಮ್ಮನಿಗೆ, ಈಗ ಎಂಬತ್ತನಾಲ್ಕು ವರ್ಷ. ಹಾಸನದಲ್ಲಿ ಮಗನ ಮನೆಯಲ್ಲಿರುವ ಅವರು ಕಳೆದ ಬೇಸಿಗೆಯಲ್ಲಿ ಹತ್ತು ದಿನಗಳ ಮಟ್ಟಿಗೆ ಮೈಸೂರಿನ ನಮ್ಮ ಮನೆಗೆ ಬಂದಿದ್ದರು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ಬೀಗಿತ್ತಿಯನ್ನು ಕೆಣಕುವ ಹಾಡು, ಹೀಗೆ ಮದುವೆಯೊಂದಕ್ಕೆ ನಾಲ್ಕು ದಿನ ಹಿಡಿಯುತ್ತಿದ್ದ ಕಾಲದ ಹಾಡುಗಳೆಲ್ಲ ಅವರ ಕಂಠದಲ್ಲಿ ಭದ್ರವಾಗಿವೆ. ಅವುಗಳಲ್ಲಿ ಹಲವನ್ನು ಅವರು ತಮ್ಮ ಅತ್ತೆಯವರಿಂದ ಕಲಿತರು. ಅವರಿಂದ ಕಲಿತವರು ಯಾರೂ ಇಲ್ಲ. ನನ್ನ ಮದುವೆಯ ದಿನ ಅವರು ಹಾಡಲು ಆರಂಭಿಸಿದ ಗಳಿಗೆಗೇ ಛತ್ರದ ಧ್ವನಿವರ್ಧಕ ಸಿನಿಮಾ ಗೀತೆಯನ್ನು ಹಿಡಿದುಕೊಂಡಿತು. ದೊಡ್ಡಮ್ಮ ನಕ್ಕು ಸುಮ್ಮನಾದರು. ಆ ಋಣವನ್ನು ತೀರಿಸುವ ಅವಕಾಶ ಮನೆಬಾಗಿಲಿಗೆ ಬಂದಿದೆಯೆಂದು ನಾನು ಹಿಗ್ಗಿದೆ.

ಹಿಗ್ಗಲು ಕಾರಣವಿತ್ತು. ನನ್ನ ಕೋಣೆಯ ಒಂದು ಮೂಲೆ ಪುಟ್ಟ ಧ್ವನಿಮುದ್ರಣ ಶಾಲೆಯಾಗಿ ಮೂರು ವರ್ಷಗಳಾಗಿದ್ದುವು. ವಿದ್ಯಾರ್ಥಿಗಳಿಗಾಗಿ ಕಾವ್ಯವಾಚನದ ತುಣುಕುಗಳನ್ನು ಮುದ್ರಿಸಿ, ಹಿಂದೆ ಒಂದಿಷ್ಟು ತಂಬೂರಿಯ ನಾದವನ್ನು ಸೇರಿಸಿ ಹಂಚುವುದು ನನಗಿರುವ ಏಕೈಕ ದುಶ್ಚಟ. ಒಂದು ಮೈಕು, ಅದರ ಧ್ವನಿಯನ್ನು ಕಂಪ್ಯೂಟರಿಗೆ ಉಣಿಸುವ ಅಂಗೈಯಗಲದ ಪೆಟ್ಟಿಗೆ, ಒಂದು ಲ್ಯಾಪ್‌ಟಾಪು, ಮತ್ತು ಇವೆಲ್ಲಕ್ಕೆ ಯಜಮಾನನಂತಿರುವ ಒಂದು ಸಂಗೀತ ತಂತ್ರಾಂಶ. ಈ ತಂತ್ರಾಂಶವನ್ನು ಕೊಂಡದ್ದು ಎರಡು ಸಲ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿ ಗಳಿಸಿದ ಹಣದಿಂದ. ಅದರ ಹೆಸರನ್ನು ಇಲ್ಲಿ ಹೇಳಲಾರೆ. ಹೇಳಿದರೆ ದೋಷವೆಲ್ಲ ಅದೊಂದರದೇ ಆಗಿ, ಉಳಿದ ತಂತ್ರಾಂಶಗಳನ್ನು ಬಳಸುವವರು ನಿಶ್ಚಿಂತೆಯಿಂದ ನಿದ್ರಿಸಿಬಿಡುವ ಅಪಾಯವಿದೆ.

ಕನ್ನಡದ ಮೇಷ್ಟರಿಗೆ ಇದೆಲ್ಲ ಏಕೆಂದು ಕೇಳುವವರಿಗೆ ಮೈಸೂರಿನವರು ಕೊಡಬಹುದಾದ ಉತ್ತರವೊಂದು ಸಿದ್ಧವಾಗಿದೆ. ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಕೇಂದ್ರದ್ದು. ದೇಶದ ಬಾನುಲಿಗೆ ಅದು ಆಮೇಲೆ ಬಂತು. ಅಧ್ಯಾಪಕರಿಗೂ ಧ್ವನಿಯಂತ್ರಗಳಿಗೂ ಇರುವ ನಂಟು ನಮ್ಮೂರಿನಲ್ಲಿ ಹೊಸದಲ್ಲ.

ಮೊದಲ ಸಂಜೆ, ದೀಪ ಹಚ್ಚಿದ ಮೇಲೆ, ದೊಡ್ಡಮ್ಮನನ್ನು ಮೈಕಿನ ಮುಂದೆ ಕೂಡಿಸಿದೆ. ತಂತ್ರಾಂಶವನ್ನು ತೆರೆದೊಡನೆ ಅದು ತನ್ನ ವಾಡಿಕೆಯಂತೆ ನಿಮಿಷಕ್ಕೆ ೧೨೦ರ ಗತಿಯಲ್ಲಿ, ನಾಲ್ಕು ನಾಲ್ಕರ ಲೆಕ್ಕದಲ್ಲಿ ‘ಟಿಕ್ ಟಿಕ್’ ಎಂದು ತಾಳ ಹಾಕತೊಡಗಿತು. “ಯಾರೋ ಬಾಗಿಲು ತಟ್ಟುತ್ತಿದ್ದಾರೆ, ನೋಡೋ,” ಎಂದರು ದೊಡ್ಡಮ್ಮ. ತಾಳವನ್ನು ನಿಲ್ಲಿಸಿದೆ. ಅವರು ಕಣ್ಣುಮುಚ್ಚಿ ಉರುಟಣೆಯ ಹಾಡನ್ನು ಎತ್ತಿಕೊಂಡರು. ಮದುಮಕ್ಕಳು ಒಬ್ಬರಿಗೊಬ್ಬರು ಅರಿಸಿನ ಹಚ್ಚುವಾಗ ಹಾಡುವ, ನುಡಿಗೊಮ್ಮೆ ಗಂಡಿನ ಕಡೆಯವರನ್ನು ಚುಚ್ಚುವ ಹಾಡು. ಅಡುಗೆಮನೆಯಿಂದ ನನ್ನಾಕೆ ಬಂದು ಬಾಗಿಲಿಗೆ ಒರಗಿ ನಿಂತಳು. ಹನ್ನೆರಡು ನಿಮಿಷ ಹಾಡಿದರು. ಹಾಡು ಮುಗಿಯುವುದಕ್ಕೂ ತೆರೆಯ ಮೇಲೆ ಅಲೆಯಲೆಯಾಗಿ ಓಡುತ್ತಿದ್ದ ಧ್ವನಿಯ ಗೆರೆ ಗಕ್ಕನೆ ನಿಲ್ಲುವುದಕ್ಕೂ ಸರಿಹೋಯಿತು. ‘ಅನಿರೀಕ್ಷಿತ ಕಾರಣದಿಂದ ಕಾರ್ಯಕ್ರಮವು ಮುಕ್ತಾಯಗೊಂಡಿದೆ’ ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಮೂಡಿತು.

“ಹಾಡು ಸಿಕ್ಕಿತೇನೋ?” ಎಂದರು ದೊಡ್ಡಮ್ಮ.

“ಸಿಕ್ಕಿತು ದೊಡ್ಡಮ್ಮ,” ಎಂದೆ.

ಆ ಸುಳ್ಳನ್ನು ನಿಜವಾಗಿಸುವ ಆತುರದಲ್ಲಿ ಅಂದು ರಾತ್ರಿ ತಂತ್ರಾಂಶವನ್ನು ಮತ್ತೆ ತೆರೆದೆ. ಅದು ಬಹಳ ವಿನಯದಿಂದ ಹಿಂದಿನ ಸ್ಥಿತಿಯನ್ನು ಮರಳಿಸುವೆನೆಂದು ಹೇಳಿ, ಖಾಲಿ ಪುಟವೊಂದನ್ನು ಮರಳಿಸಿತು. ಅನಂತರ, ಯಾವ ಹಾಡಿನಲ್ಲೂ ಬಳಕೆಯಾಗದ ಕಡತಗಳು ಬಿದ್ದಿವೆ, ಅಳಿಸಲೇ ಎಂದು ಕೇಳಿತು. ಬಳಕೆಯಾಗದ್ದು ತಾನೆ ಎಂದುಕೊಂಡು ಒಪ್ಪಿಗೆಯ ಗುಂಡಿಯನ್ನು ಒತ್ತಿದೆ. ಆ ಗುಂಡಿಯಿಂದ ನಾನು ಏನನ್ನು ಕಳೆದುಕೊಂಡೆನೆಂಬುದು ತಿಳಿದದ್ದು ವಾರದ ಮೇಲೆ.

ಪಂಕ್ತಿಯೂ ವಠಾರವೂ

ಇಷ್ಟು ಬೆಲೆಬಾಳುವ ತಂತ್ರಾಂಶ ಹೀಗೇಕೆ ನಡುದಾರಿಯಲ್ಲಿ ಕೈಬಿಡುತ್ತದೆ? ಮನೆಯಲ್ಲಿ ಮಕ್ಕಳಿರುವವರಿಗೆ ಈ ಪ್ರಶ್ನೆ ಪರಿಚಿತವಾಗಿಯೇ ಇರಬೇಕು. ಹಾಡು ಕಟ್ಟುವ ಹುಡುಗ ಹುಡುಗಿಯರು ಈಗ ಬೀದಿಗೊಬ್ಬರಿದ್ದಾರೆ. ನಡುರಾತ್ರಿಯಲ್ಲಿ ಅವರ ಕೋಣೆಯಿಂದ ಕೇಳಿಬರುವ ನಿಟ್ಟುಸಿರಿಗೆ ಬಹಳ ವೇಳೆ ಪ್ರೇಮವೈಫಲ್ಯ ಕಾರಣವಲ್ಲ.

ಮೈಕಿಗೆ ಬಿದ್ದ ಧ್ವನಿಯನ್ನು ಯಂತ್ರವು ಒಂದು ಸೆಕೆಂಡಿಗೆ ೪೮,೦೦೦ ಸಲ ಅಳೆದು, ಅಷ್ಟು ಅಂಕಿಗಳನ್ನಾಗಿ ಬರೆದುಕೊಳ್ಳುತ್ತದೆ. ಈ ಅಂಕಿಗಳು ಒಂದೊಂದಾಗಿ ಅಲ್ಲ, ಕಂತುಗಳಲ್ಲಿ ಸಾಗುತ್ತವೆ. ಕಂತಿಗೆ ೨೫೬ ಅಂಕಿಗಳೆಂದು ನಿಗದಿಮಾಡಿದರೆ ಪ್ರತಿ ಕಂತಿಗೂ ಸಿಗುವ ಅವಧಿ ಸುಮಾರು ೫.೩ ಮಿಲಿಸೆಕೆಂಡು, ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ಎರಡು ಮೀಟರೂ ಸಾಗದು. ಅಂದರೆ ಸೆಕೆಂಡಿಗೆ ನೂರೆಂಬತ್ತಕ್ಕೂ ಹೆಚ್ಚು ಸಲ ತಂತ್ರಾಂಶವು ಲೆಕ್ಕವೆಲ್ಲವನ್ನೂ ಮುಗಿಸಿ ಮುಂದಿನ ಕಂತನ್ನು ಒಪ್ಪಿಸಬೇಕು. ಮದುವೆಯ ಪಂಕ್ತಿಯಲ್ಲಿ ಅವಸರದಿಂದ ಉಣ್ಣುವ ಸಾವಿರ ಮಂದಿಗೆ ಒಬ್ಬನೇ ಬಡಿಸುವಂತಹ ಕೆಲಸ ಇದು. ಯಾವ ಎಲೆಯೂ ಬರಿದಾಗಕೂಡದು. ಒಂದು ಎಲೆ ಬರಿದಾಯಿತೋ, ನಮಗೆ ‘ಚಟ್’ ಎಂಬ ಸದ್ದು ಕೇಳಿಸುತ್ತದೆ. ಕಂತನ್ನು ೧,೦೨೪ಕ್ಕೆ ಏರಿಸಿದರೆ ಬಡಿಸುವವನಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಆದರೆ ಹಾಡುವವರ ಕಿವಿಯ ತಂತಿಗೆ ಅವರದೇ ಧ್ವನಿ ತಡವಾಗಿ ಮರಳುತ್ತದೆ, ಬಾವಿಯೊಳಗೆ ಹಾಡಿದಂತಾಗುತ್ತದೆ. ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳದೆ ಹಾಡುವ ದೊಡ್ಡಮ್ಮನಂಥವರಿಗೆ ಈ ತೊಂದರೆಯಿಲ್ಲ. ಅವರ ಹಾಡನ್ನು ಮುದ್ರಿಸುವಾಗ ದೊಡ್ಡ ಕಂತನ್ನೇ ಇಡಬೇಕಿತ್ತೆಂಬುದು ನನಗೆ ಆಮೇಲೆ ಹೊಳೆದ ಬುದ್ಧಿ.

ಆದರೆ ‘ಚಟ್’ ಎಂಬ ಸದ್ದು ಬೇರೆ, ಇಡೀ ತಂತ್ರಾಂಶವೇ ನೆಲಕಚ್ಚುವುದು ಬೇರೆ. ಎರಡನೆಯದನ್ನು ತಿಳಿಯಲು ಸ್ವಲ್ಪ ಚರಿತ್ರೆ ಬೇಕು. ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಪರಸ್ಪರ ಮಾತನಾಡಿಕೊಳ್ಳಲು ‘ಮಿಡಿ’ ಎಂಬ ಸಾಮಾನ್ಯ ಭಾಷೆ ೧೯೮೩ರಲ್ಲಿ ಸಿದ್ಧವಾಯಿತು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯ ‘ಕ್ಯೂಬೇಸ್’ ೧೯೮೯ರಲ್ಲಿ ಅಟಾರಿ ಕಂಪ್ಯೂಟರಿನ ಮೇಲೆ ಕಾಣಿಸಿಕೊಂಡಿತು. ೧೯೯೧ರಲ್ಲಿ ಅಮೆರಿಕದ ‘ಪ್ರೋ ಟೂಲ್ಸ್’ ಬಂತು. ಕಾಲಕ್ರಮದಲ್ಲಿ ಕೋಣೆಗಟ್ಟಲೆ ಯಂತ್ರಗಳು ಮಾಡುತ್ತಿದ್ದ ಕೆಲಸ ಒಂದು ಪರದೆಯೊಳಕ್ಕೆ ಇಳಿಯಿತು. ೧೯೯೬ರಲ್ಲಿ ಅದೇ ಸ್ಟೈನ್‌ಬರ್ಗ್ ಸಂಸ್ಥೆ ‘ವಿ.ಎಸ್.ಟಿ.’ ಎಂಬ ವ್ಯವಸ್ಥೆಯನ್ನು ಹೊರತಂದಿತು. ಮೂಲ ತಂತ್ರಾಂಶದೊಳಗೆ ಅನ್ಯರು ಬರೆದ ಪುಟ್ಟ ತಂತ್ರಾಂಶಗಳನ್ನು ಸೇರಿಸಿಕೊಳ್ಳಲು ಇದರಿಂದ ದಾರಿಯಾಯಿತು. ಇವಕ್ಕೇ ಪ್ಲಗಿನ್ ಎಂದು ಹೆಸರು. ಒಂದು ಪ್ಲಗಿನ್ ಪಿಟೀಲಿನಂತೆ ನುಡಿಯುತ್ತದೆ, ಇನ್ನೊಂದು ಗದ್ದಲವನ್ನು ಸೋಸುತ್ತದೆ, ಮತ್ತೊಂದು ಸಾಮಾನ್ಯ ಧ್ವನಿಗೆ ದೇವಸ್ಥಾನದ ಪ್ರಾಕಾರದ ಮಾರ್ದನಿಯನ್ನು ತೊಡಿಸುತ್ತದೆ.

ಅದ್ಭುತವಾದ ಉಪಾಯವೇ ಸರಿ. ಆದರೆ ಇದರೊಂದಿಗೆ ವಠಾರದ ನ್ಯಾಯವೂ ಬಂತು. ವಠಾರವೆಂದರೆ ತಿಳಿಯಿತಲ್ಲ? ಒಂದೇ ಸೂರು, ಒಂದೇ ಬಾವಿ, ನಡುವೆ ಹೆಸರಿಗೊಂದು ಗೋಡೆ. ಪ್ಲಗಿನ್‌ಗಳು ಬಹುಮಟ್ಟಿಗೆ ಮೂಲ ತಂತ್ರಾಂಶಕ್ಕೆ ಮಂಜೂರಾದ ಸ್ಮರಣಕೋಶದಲ್ಲೇ ಬಾಡಿಗೆಗಿರುತ್ತವೆ. ಬಾಡಿಗೆದಾರನೊಬ್ಬ ಒಲೆಯನ್ನು ಆರಿಸದೆ ಮಲಗಿದರೆ ಮಾಲೀಕನ ಮನೆಯೂ ಸುಡುತ್ತದೆ. ದೊಡ್ಡಮ್ಮನ ಧ್ವನಿ ಗುಡಿಯಲ್ಲಿ ಹಾಡಿದಂತೆ ಕೇಳಲೆಂಬ ಆಸೆಯಿಂದ ನಾನು ಹಿಂದಿನ ದಿನವಷ್ಟೇ ಪುಕ್ಕಟೆಯ ಮಾರ್ದನಿ ಪ್ಲಗಿನ್ ಒಂದನ್ನು ಎಲ್ಲಿಂದಲೋ ತಂದು ಸೇರಿಸಿದ್ದೆ. ಅದನ್ನು ತೆಗೆದುಹಾಕಿದ ಮೇಲೆ ಕುಸಿತಗಳು ಕಡಿಮೆಯಾದುವು, ನಿಲ್ಲಲಿಲ್ಲ. ಆದುದರಿಂದ ತಪ್ಪು ಬಾಡಿಗೆದಾರನದು ಮಾತ್ರವೆಂದು ಹೇಳಲಾರೆ. ಬಾಡಿಗೆದಾರರಿಗೆ ಪ್ರತ್ಯೇಕ ಮನೆಗಳನ್ನೇ ಕಟ್ಟಿಕೊಡುವ ವಿಧಾನ ಇಲ್ಲದಿಲ್ಲ. ೨೦೧೪ರಲ್ಲಿ ಬರ್ಲಿನ್ನಿನಿಂದ ಬಂದ ‘ಬಿಟ್‌ವಿಗ್’ ಪ್ಲಗಿನ್‌ಗಳನ್ನು ಬೇರೆ ಆವರಣದಲ್ಲಿ ಓಡಿಸುವ ಏರ್ಪಾಡು ಮಾಡಿದೆ. ‘ರೀಪರ್’ನಲ್ಲೂ ಬೇಕೆನಿಸಿದ ಪ್ಲಗಿನ್‌ನನ್ನು ಹಾಗೆ ಹೊರಗಿಡಬಹುದು. ಯಂತ್ರಕ್ಕೆ ಶ್ರಮ ಸ್ವಲ್ಪ ಹೆಚ್ಚುತ್ತದೆ. ಪ್ರತ್ಯೇಕ ಮನೆಗೆ ಬಾಡಿಗೆಯೂ ಹೆಚ್ಚಲ್ಲವೇ?

ಇವುಗಳ ಮೇಲೆ ಕಂಪ್ಯೂಟರಿನ ಮೂಲವ್ಯವಸ್ಥೆಯೇ ಆಗಾಗ ಬದಲಾಗುತ್ತದೆ. ೨೦೧೯ರಲ್ಲಿ ಆಪಲ್ ಸಂಸ್ಥೆಯ ‘ಕ್ಯಾಟಲಿನಾ’ ಆವೃತ್ತಿ ಬಂದಾಗ ೩೨ ಬಿಟ್‌ಗಳ ಹಳೆಯ ತಂತ್ರಾಂಶಗಳು ಅದರ ಮೇಲೆ ಓಡದಾದುವು. ನಿನ್ನೆಯವರೆಗೆ ನುಡಿಯುತ್ತಿದ್ದ ವಾದ್ಯ ಇಂದು ಬೆಳಗ್ಗೆ ಮೂಕವಾದರೆ ಹಾಡು ಕಟ್ಟುವವನು ಯಾರಲ್ಲಿ ದೂರಬೇಕು?

ಸೋಮಾರಿತನ ಕಾಯ್ದ ಹಾಡುಗಳು

ಮೂರನೆಯ ಸಂಜೆ ದೊಡ್ಡಮ್ಮ ಒಳ್ಳೆಯ ಲಹರಿಯಲ್ಲಿದ್ದರು. ಹಸೆಗೆ ಕರೆಯುವ ಹಾಡಿನಿಂದ ಆರಂಭಿಸಿ, ಒಂದರ ಬಾಲ ಹಿಡಿದು ಇನ್ನೊಂದು ಬರುವಂತೆ, ನಲವತ್ತೇಳು ನಿಮಿಷ ಹಾಡಿದರು. ನಡುವೆ ನೀರು ಕುಡಿದರು, ಅತ್ತೆಯವರ ಕಥೆ ಹೇಳಿದರು, ಅಳುವ ಮಗುವನ್ನು ಗದರಿಸಿದರು. ಮಂಗಳದ ಹಾಡು ಮುಗಿಸಿ ಎದ್ದು ಹೋಗಿ ಮಲಗಿದರು. ನಾನು ಮುದ್ರಣವನ್ನು ನಿಲ್ಲಿಸುವ ಗುಂಡಿಗೆ ಕೈಹಾಕಿದೊಡನೆ ತಂತ್ರಾಂಶ ಮತ್ತೆ ತನ್ನ ಮುಕ್ತಾಯವನ್ನು ಘೋಷಿಸಿತು. ಅಂದು ನನಗೆ ಕೋಪವೂ ಬರಲಿಲ್ಲ. ಯಾವ ಪ್ರಶ್ನೆಗೂ ಉತ್ತರ ಕೊಡದೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮಲಗಿಬಿಟ್ಟೆ. ಆ ಸೋಮಾರಿತನವೇ ನಲವತ್ತೇಳು ನಿಮಿಷಗಳನ್ನು ಉಳಿಸಿತು.

ಉಳಿಸಿಕೊಟ್ಟವನು ನನ್ನ ದ್ವಿತೀಯ ವರ್ಷದ ಬಿ.ಕಾಂ. ವಿದ್ಯಾರ್ಥಿಯೊಬ್ಬ. ಕನ್ನಡ ತರಗತಿಯಲ್ಲಿ ಕೊನೆಯ ಬೆಂಚಿನವನು. ಸಂಧಿ ಸಮಾಸಗಳ ವಿಷಯದಲ್ಲಿ ಅವನಿಗೂ ನನಗೂ ಹೊಂದಾಣಿಕೆ ಕಡಿಮೆ. ನನ್ನ ಗೋಳನ್ನು ಕೇಳಿ ಒಂದು ಭಾನುವಾರ ಮನೆಗೆ ಬಂದ. ತಂತ್ರಾಂಶವನ್ನು ತೆರೆಯಗೊಡಲೇ ಇಲ್ಲ. “ಸಾರ್, ಪ್ರಾಜೆಕ್ಟ್ ಬೇರೆ, ಹಾಡು ಬೇರೆ,” ಎಂದ.

ಆ ಒಂದು ಮಾತಿನಲ್ಲಿ ಇಡೀ ವಿಷಯದ ತಿರುಳಿದೆ. ಇಂತಹ ತಂತ್ರಾಂಶಗಳಲ್ಲಿ ನಾವು ‘ಸೇವ್’ ಮಾಡುವ ಪ್ರಾಜೆಕ್ಟ್ ಕಡತ ಪುಸ್ತಕದ ಪರಿವಿಡಿಯಿದ್ದಂತೆ. ಯಾವ ಧ್ವನಿ ಎಲ್ಲಿ ಆರಂಭವಾಗಬೇಕು, ಎಷ್ಟು ಜೋರಾಗಿರಬೇಕು, ಯಾವ ಪ್ಲಗಿನ್ ಹಾದು ಬರಬೇಕು ಎಂಬುದಷ್ಟೇ ಅದರಲ್ಲಿರುತ್ತದೆ. ಧ್ವನಿಯೆಂಬ ಪುಟಗಳು ಪಕ್ಕದ ಇನ್ನೊಂದು ಕಪಾಟಿನಲ್ಲಿ, ಸಾಮಾನ್ಯವಾಗಿ ‘ವೇವ್’ ಎಂಬ ಮಾದರಿಯ ಕಡತಗಳಾಗಿ, ಬೇರೆಯೇ ಕುಳಿತಿರುತ್ತವೆ. ನಿಮಿಷ ನಿಮಿಷಕ್ಕೂ ತಾನಾಗಿ ಸೇವ್ ಆಗುತ್ತದೆಂದು ನಾವು ನೆಮ್ಮದಿಯಿಂದಿರುತ್ತೇವೆ. ಹಾಗೆ ಸೇವ್ ಆಗುವುದು ಪರಿವಿಡಿ. ತಂತ್ರಾಂಶ ಕುಸಿದಾಗ ಕಳೆದುಹೋಗುವುದೂ ಬಹಳ ವೇಳೆ ಪರಿವಿಡಿಯೇ. ಪರಿವಿಡಿಯಲ್ಲಿ ಕಾಣದ ಪುಟಗಳನ್ನು ಅದು ‘ಬಳಕೆಯಾಗದ ಕಡತ’ವೆಂದು ಕರೆಯುತ್ತದೆ. ಮೊದಲ ಸಂಜೆ ನಾನು ಒಪ್ಪಿಗೆಯ ಗುಂಡಿ ಒತ್ತಿ ಅಳಿಸಿದುದು ಉರುಟಣೆಯ ಹಾಡನ್ನು. ನನ್ನ ಕೈಯಿಂದಲೇ.

ಹುಡುಗ ಕಪಾಟನ್ನು ಹುಡುಕಿ ಮೂರನೆಯ ಸಂಜೆಯ ಕಡತವನ್ನು ತೆಗೆದ. ಅದನ್ನು ನುಡಿಸಹೋದರೆ ಅವಧಿ ಸೊನ್ನೆಯೆಂದು ತೋರಿಸುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಅವನು ಮಾತ್ರ ಕಡತದ ಗಾತ್ರವನ್ನು ನೋಡಿ ನಕ್ಕ: ಸುಮಾರು ೪೦೦ ಮೆಗಾಬೈಟು. ಸೆಕೆಂಡಿಗೆ ೪೮,೦೦೦ ಅಂಕಿ, ಅಂಕಿಯೊಂದಕ್ಕೆ ೨೪ ಬಿಟ್, ಅಂದರೆ ಮೂರು ಬೈಟು, ನಿಮಿಷಕ್ಕೆ ೮.೬೪ ಮೆಗಾಬೈಟಿನಂತೆ ನಲವತ್ತೇಳು ನಿಮಿಷಕ್ಕೆ ೪೦೬. ಲೆಕ್ಕ ಸರಿಯಾಗಿತ್ತು! ವೇವ್ ಕಡತದ ತಲೆಯಲ್ಲಿ ‘ಇದರೊಳಗೆ ಇಷ್ಟು ಧ್ವನಿಯಿದೆ’ ಎಂದು ಬರೆಯುವ ಒಂದು ಚೀಟಿಯಿರುತ್ತದೆ. ಮುದ್ರಣ ಸಾಂಗವಾಗಿ ಮುಗಿದಾಗ ಆ ಚೀಟಿಯನ್ನು ತುಂಬುವುದು ವಾಡಿಕೆ. ತುಂಬುವ ಮುನ್ನವೇ ಗುಮಾಸ್ತ ಮೂರ್ಛೆಹೋದ. ಗೋದಾಮಿನಲ್ಲಿ ಅಕ್ಕಿ ಇದ್ದಂತೆಯೇ ಇತ್ತು.

ಅವನು ‘ಅಡಾಸಿಟಿ’ ಎಂಬ ಉಚಿತ ತಂತ್ರಾಂಶವನ್ನು ತೆರೆದು, ಚೀಟಿಯನ್ನು ಲೆಕ್ಕಿಸದೆ ಬರಿಯ ಅಂಕಿಗಳನ್ನೇ ಓದಿಕೊಳ್ಳುವಂತೆ ಅದಕ್ಕೆ ಆಜ್ಞೆಮಾಡಿದ. ಮೊದಲ ಸಲ ೧೬ ಬಿಟ್ ಎಂದು ಹೇಳಿದುದರಿಂದ ಭೋರ್ಗರೆತವೊಂದು ಹೊರಟು ಮಗು ಎದ್ದು ಅಳತೊಡಗಿತು. ೨೪ ಬಿಟ್ ಎಂದು ತಿದ್ದಿದ. ದೊಡ್ಡಮ್ಮನ ಧ್ವನಿ ಕೇಳಿಸಿತು. ಆದರೆ ನೆಗಡಿಯಾದವರಂತೆ ಭಾರವಾಗಿ, ಒಂದೂವರೆ ಸ್ವರಸ್ಥಾನದಷ್ಟು ತಗ್ಗಿ, ನಿಧಾನವಾಗಿ. ಸೆಕೆಂಡಿಗೆ ೪೪,೧೦೦ ಎಂದಿದ್ದುದನ್ನು ೪೮,೦೦೦ ಎಂದು ಬದಲಿಸಿದ. ಹಸೆಗೆ ಕರೆಯುವ ಹಾಡು ಅದರ ಶ್ರುತಿಯಲ್ಲಿ, ಅದರ ನಡೆಯಲ್ಲಿ ಕೋಣೆಯನ್ನು ತುಂಬಿತು. ನಡುವೆ ನೀರಿನ ಲೋಟ ಕೆಳಗಿಟ್ಟ ಸದ್ದೂ ಇತ್ತು. ನನ್ನಾಕೆ ಆ ಹುಡುಗನಿಗೆ ಎರಡು ಸಲ ಉಪ್ಪಿಟ್ಟು ಬಡಿಸಿದಳು. ಮುಂದಿನ ಸೆಮಿಸ್ಟರಿನಲ್ಲಿ ಸಮಾಸದ ವಿಷಯವನ್ನು ನಾನೂ ಸ್ವಲ್ಪ ಸಡಿಲಬಿಡಬಹುದು.

ಧ್ವನಿಯಲ್ಲಿ ಅಲ್ಲಲ್ಲಿ ನಡುಗುವ ಸ್ವರಗಳನ್ನು ತಿದ್ದಿಕೊಡಲೇ ಎಂದು ಅವನು ಕೇಳಿದ. ಹಾಗೆ ತಿದ್ದುವ ತಂತ್ರಾಂಶಗಳು ೧೯೯೭ರಿಂದ, ‘ಆಟೋಟ್ಯೂನ್’ ಬಂದಂದಿನಿಂದ, ಬಳಕೆಯಲ್ಲಿವೆ. ಬೇಡವೆಂದೆ. ಆ ನಡುಕ ಎಂಬತ್ತನಾಲ್ಕು ವರ್ಷಗಳದು. ಅದನ್ನು ತಿದ್ದಲು ನಾನು ಯಾರು?

ಮನೆ ಬದಲಿಸುವ ಮಾತು

ಇಷ್ಟಾದ ಮೇಲೆ ಹಳೆಯ ತಂತ್ರಾಂಶವನ್ನು ಬಿಡುವುದು ಸುಲಭವೆಂದು ತೋರಬಹುದು. ಸುಲಭವಲ್ಲ. ಮೂರು ವರ್ಷಗಳಲ್ಲಿ ಬೆರಳುಗಳು ಅದರ ಕೀಲಿಗಳನ್ನು ಬಾಯಿಪಾಠ ಮಾಡಿವೆ. ಕೊಟ್ಟ ಹಣದ ಮೇಲಿನ ಮಮತೆಯೂ ಸಣ್ಣದಲ್ಲ. ಸೋರುವ ಮನೆಯಾದರೂ ಸ್ವಂತದ್ದೆಂಬ ಅಭಿಮಾನ. ಎಲ್ಲಕ್ಕೂ ಮಿಗಿಲಾಗಿ, ಒಂದು ತಂತ್ರಾಂಶದ ಪ್ರಾಜೆಕ್ಟನ್ನು ಇನ್ನೊಂದು ಓದಲಾರದು. ಬಿಟ್‌ವಿಗ್ ಮತ್ತು ಪ್ರಿಸೋನಸ್ ಸಂಸ್ಥೆಗಳು ಸೇರಿ ೨೦೨೩ರಲ್ಲಿ ‘ಡಾಪ್ರಾಜೆಕ್ಟ್’ ಎಂಬ ಮುಕ್ತವಾದ ಸಾಮಾನ್ಯ ಮಾದರಿಯೊಂದನ್ನು ಹೊರತಂದಿವೆ. ಒಳ್ಳೆಯ ಆರಂಭ, ಅದನ್ನು ಒಪ್ಪಿಕೊಳ್ಳದ ತಂತ್ರಾಂಶಗಳು ಇನ್ನೂ ಇವೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದುದು ಕುಸಿತಗಳಿಗಿಂತ ಕಂಪೆನಿಗಳ ಚರಿತ್ರೆ. ‘ಸ್ಟುಡಿಯೋ ವಿಷನ್’ ತಯಾರಿಸುತ್ತಿದ್ದ ಆಪ್‌ಕೋಡ್ ಸಂಸ್ಥೆಯನ್ನು ೧೯೯೮ರಲ್ಲಿ ಗಿಟಾರುಗಳಿಗೆ ಹೆಸರಾದ ಗಿಬ್ಸನ್ ಸಂಸ್ಥೆ ಕೊಂಡಿತು. ಮರುವರ್ಷವೇ ಅದರ ಬೆಳವಣಿಗೆ ನಿಂತಿತು. ಜರ್ಮನಿಯ ‘ಲಾಜಿಕ್’ ೨೦೦೨ರಲ್ಲಿ ಆಪಲ್ ಸಂಸ್ಥೆಯ ಕೈಸೇರಿದಾಗ ಅದನ್ನು ವಿಂಡೋಸ್ ಯಂತ್ರಗಳಲ್ಲಿ ಬಳಸುತ್ತಿದ್ದವರಿಗೆ ಮುಂದಿನ ದಾರಿ ಮುಚ್ಚಿತು. ೧೯೮೭ರಿಂದ ನಡೆದುಬಂದಿದ್ದ ‘ಕೇಕ್‌ವಾಕ್’ ೨೦೧೩ರಲ್ಲಿ ಗಿಬ್ಸನ್ನಿಗೆ ಸೇರಿ, ೨೦೧೭ರ ನವೆಂಬರಿನಲ್ಲಿ ಬೆಳವಣಿಗೆ ನಿಂತಿತೆಂಬ ಘೋಷಣೆಗೆ ಗುರಿಯಾಗಿ, ೨೦೧೮ರ ಫೆಬ್ರವರಿಯಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಸಂಸ್ಥೆಯ ಕೈಯಲ್ಲಿ ಮರುಜೀವ ಪಡೆಯಿತು. ವ್ಯಾಪಾರದಲ್ಲಿ ಇವೆಲ್ಲ ಸಹಜ, ಯಾರನ್ನೂ ದೂರುವಂತಿಲ್ಲ. ಆದರೆ ದೊಡ್ಡಮ್ಮನ ಅತ್ತೆಯವರ ಹಾಡು ಒಂದು ಕಂಪೆನಿಯ ಮಾರಾಟಪತ್ರವನ್ನು ನೆಚ್ಚಿಕೊಂಡು ಬಾಳಬೇಕೇ?

ಕನ್ನಡ ಓದಿದವನಿಗೆ ಇಲ್ಲಿ ಇನ್ನೊಂದು ನೆನಪೂ ಬರುತ್ತದೆ. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಸಂಗ್ರಹಿಸಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಅವರ ಬಳಿ ಇದ್ದುದು ಕಾಗದ, ಲೇಖನಿ. ಆ ಮಾತುಗಳನ್ನು ಇಂದಿಗೂ ಓದುತ್ತೇವೆ. ಅವನ್ನು ಅಂದು ಹಾಡಿದ ಕಂಠಗಳು ಪುಸ್ತಕದಲ್ಲಿಲ್ಲ. ಅವರಿಗಿಲ್ಲದ ಸೌಕರ್ಯ ನಮಗಿದೆ. ಕಾಗದಕ್ಕಿರುವಷ್ಟು ಆಯುಸ್ಸು ನಮ್ಮ ಕಡತಕ್ಕಿದೆಯೇ ಎಂಬುದೇ ಸಂಶಯ.

ಆದುದರಿಂದ ಹೊಸ ತಂತ್ರಾಂಶವನ್ನು ಆರಿಸುವಾಗ ನಾನು ಅದರ ವಾದ್ಯವೃಂದದ ವೈಭವವನ್ನು ನೋಡಲಿಲ್ಲ. ಮುದ್ರಣ ನಡೆಯುತ್ತಿರುವಾಗಲೇ ಬಲವಂತದಿಂದ ಅದರ ಕತ್ತು ಹಿಸುಕಿ, ಆಮೇಲೆ ಕಪಾಟಿನಲ್ಲಿ ಏನುಳಿದಿದೆಯೆಂದು ನೋಡಿದೆ. ಕ್ರೂರವಾದ ಪರೀಕ್ಷೆ, ಆದರೆ ನನ್ನ ಹಳೆಯ ತಂತ್ರಾಂಶ ಇದನ್ನು ತಾನಾಗಿಯೇ ಮಾಡಿಕೊಳ್ಳುತ್ತಿತ್ತಲ್ಲ! ‘ಆರ್ಡರ್’ ಮತ್ತು ‘ರೀಪರ್’ ಎರಡರಲ್ಲೂ ನನಗೆ ಧ್ವನಿಯ ಕಡತ ಸಿಕ್ಕಿತು. ಆರ್ಡರ್ ಮುಕ್ತ ತಂತ್ರಾಂಶ. ಅದರ ಮೂಲಬರಹವನ್ನು ಯಾರು ಬೇಕಾದರೂ ಪಡೆಯಬಹುದು, ಸಿದ್ಧರೂಪ ಬೇಕಾದವರು ಸಣ್ಣ ಮೊತ್ತವನ್ನು ತೆತ್ತು ಇಳಿಸಿಕೊಳ್ಳಬಹುದು. ರೀಪರನ್ನು ರೂಪಿಸಿದವರು ಒಂದು ಕಾಲದಲ್ಲಿ ಮನೆಮನೆಯ ಕಂಪ್ಯೂಟರಿನಲ್ಲಿದ್ದ ‘ವಿನ್ಯಾಂಪ್’ನ ಕರ್ತೃ ಜಸ್ಟಿನ್ ಫ್ರಾಂಕೆಲ್. ಅರುವತ್ತು ದಿನ ಪೂರ್ಣವಾಗಿ ಬಳಸಿ ನೋಡಬಹುದು. ಅನಂತರ ಮನೆಬಳಕೆಯವರಿಗೆ ೬೦ ಡಾಲರು, ನಮ್ಮ ಲೆಕ್ಕದಲ್ಲಿ ಐದು ಸಾವಿರ ರೂಪಾಯಿಯ ಮೇಲೆ ಸ್ವಲ್ಪ. “ಹಳೆಯದಕ್ಕೆ ಕೊಟ್ಟದ್ದು ಹೋಯಿತೇ?” ಎಂದು ನನ್ನಾಕೆ ಕೇಳಿದಳು. ಹೋಯಿತೆಂದು ಒಪ್ಪಿಕೊಂಡೆ.

ಈ ಎರಡರಲ್ಲೂ ನನಗೆ ಬಹಳ ಹಿಡಿಸಿದ ಗುಣವೊಂದಿದೆ. ಅವುಗಳ ಪ್ರಾಜೆಕ್ಟ್ ಕಡತಗಳು ಸಾದಾ ಅಕ್ಷರಗಳಲ್ಲಿರುತ್ತವೆ. ಯಾವುದೇ ಬರವಣಿಗೆಯ ತಂತ್ರಾಂಶದಿಂದ ತೆರೆದರೂ ಯಾವ ಧ್ವನಿ ಎಲ್ಲಿ ಆರಂಭವಾಗುತ್ತದೆಂದು ಕಣ್ಣಿನಿಂದ ಓದಿಕೊಳ್ಳಬಹುದು. ತಾಳೆಗರಿಯ ಪ್ರತಿಗಳನ್ನು ಓದುವ ಪಾಠ ಕೇಳಿದ ನಮ್ಮಂಥವರಿಗೆ ಇದಕ್ಕಿಂತ ಧೈರ್ಯ ಬೇರೆ ಬೇಕಿಲ್ಲ. ಗರಿ ಮುರಿದಿದ್ದರೂ ಲಿಪಿ ತಿಳಿದಿದೆ! ಅಡಾಸಿಟಿಯನ್ನೂ ಬಿಟ್ಟಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಬ್ಬ ಅಧ್ಯಾಪಕರೂ ಒಬ್ಬ ವಿದ್ಯಾರ್ಥಿಯೂ ಕೂಡಿ ಆರಂಭಿಸಿ ೨೦೦೦ದಲ್ಲಿ ಲೋಕಕ್ಕೆ ಕೊಟ್ಟ ಆ ತಂತ್ರಾಂಶ, ಕಾಕತಾಳೀಯವೋ ಏನೋ, ನಮ್ಮ ಮನೆಯಲ್ಲೂ ಒಬ್ಬ ಅಧ್ಯಾಪಕ ಮತ್ತು ಒಬ್ಬ ವಿದ್ಯಾರ್ಥಿಯ ನಡುವೆ ಕೂತು ಕೆಲಸ ಮಾಡಿತು. ಸಿನಿಮಾ ಧಾಟಿಯ ಹಾಡು ಕಟ್ಟುವವರಿಗೆ, ನೂರು ವಾದ್ಯಗಳನ್ನು ಹೆಣೆಯುವವರಿಗೆ ನನ್ನ ಆಯ್ಕೆ ಸಾಲದೆ ಹೋಗಬಹುದು. ಅಂಥವರು ‘ಎಫ್.ಎಲ್. ಸ್ಟುಡಿಯೋ’ವನ್ನೋ ‘ಏಬಲ್ಟನ್ ಲೈವ್’ಅನ್ನೋ ಮೆಚ್ಚಿದರೆ ನನ್ನ ತಕರಾರಿಲ್ಲ, ಕತ್ತು ಹಿಸುಕುವ ಪರೀಕ್ಷೆಯನ್ನು ಮಾತ್ರ ಮಾಡಿ ನೋಡಲಿ.

ಹಳೆಯ ಮನೆಯನ್ನು ಬಿಡುವ ಮುನ್ನ ಎರಡು ಭಾನುವಾರ ಹಿಡಿದ ಕೆಲಸವೊಂದನ್ನು ಮಾಡಿದೆ. ಪ್ರತಿಯೊಂದು ಪ್ರಾಜೆಕ್ಟನ್ನೂ ತೆರೆದು, ಒಂದೊಂದು ಧ್ವನಿಯನ್ನೂ ಸೊನ್ನೆಯ ಕ್ಷಣದಿಂದ ಕೊನೆಯವರೆಗೆ ಪ್ರತ್ಯೇಕ ವೇವ್ ಕಡತವಾಗಿ ಹೊರತೆಗೆದೆ. ಹೀಗೆ ಮಾಡಿದರೆ ಯಾವ ತಂತ್ರಾಂಶದಲ್ಲಿ ಒಂದರ ಕೆಳಗೊಂದು ಜೋಡಿಸಿದರೂ ಅವು ತಾವಾಗಿ ಹೊಂದಿಕೊಳ್ಳುತ್ತವೆ. ಗತಿ, ಶ್ರುತಿ, ತಾರೀಖು, ಹಾಡಿದವರ ಹೆಸರುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ಆ ಕೆಲಸದ ನಡುವೆಯೂ ಹಳೆಯ ತಂತ್ರಾಂಶ ಆರು ಸಲ ಕುಸಿಯಿತು. ಬೀಳ್ಕೊಡುವ ಸಮಯವೆಂದು ಸುಮ್ಮನಿದ್ದೆ.

ಉಳಿದದ್ದು ಉರುಟಣೆಯ ಹಾಡು. ದಸರಾ ರಜೆಯಲ್ಲಿ ಹಾಸನಕ್ಕೆ ಹೊರಟಾಗ ಲ್ಯಾಪ್‌ಟಾಪನ್ನು ಒಯ್ಯಲಿಲ್ಲ. ಅಂಗೈಯಲ್ಲಿ ಹಿಡಿಸುವ, ಸೆಲ್ಲಿನಿಂದ ನಡೆಯುವ, ಕಾರ್ಡಿನ ಮೇಲೆ ನೇರವಾಗಿ ವೇವ್ ಕಡತವನ್ನು ಬರೆಯುವ ಪುಟ್ಟ ಮುದ್ರಣಯಂತ್ರವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಅದಕ್ಕೆ ಪ್ಲಗಿನ್ ಇಲ್ಲ, ವಠಾರವಿಲ್ಲ. ಒಂದು ಕೆಂಪು ಗುಂಡಿಯಿದೆ.

ಊಟವಾದ ಮೇಲೆ ದೊಡ್ಡಮ್ಮ ಹಿತ್ತಿಲ ಕಡೆಯ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. “ಉರುಟಣೆಯ ಹಾಡನ್ನು ಇನ್ನೊಂದು ಸಲ ಹಾಡುತ್ತೀರಾ?” ಎಂದೆ.

“ಆವತ್ತು ಸಿಕ್ಕಿತು ಅಂದೆಯಲ್ಲೋ?”

ನಡೆದುದನ್ನೆಲ್ಲ ಹೇಳಿದೆ, ಗುಂಡಿ ಒತ್ತಿದವನು ನಾನೇ ಎಂಬುದನ್ನೂ ಸೇರಿಸಿ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಹೋದದ್ದೇ ಒಳ್ಳೆಯದಾಯಿತು ಬಿಡು. ಆವತ್ತು ನಾಲ್ಕನೆಯ ನುಡಿ ಮರೆತು ಹಾರಿಸಿಬಿಟ್ಟಿದ್ದೆ. ನಿನಗೆ ಗೊತ್ತಾಗಲಿಲ್ಲ,” ಎಂದರು.

ಹಾಡಿದರು. ನಾಲ್ಕನೆಯ ನುಡಿ ಬಂತು. ಗಂಡಿನ ಸೋದರತ್ತೆಯ ಮೂಗಿನ ವರ್ಣನೆ ಅದು, ಹಾರಿಸಿದ್ದರೆ ನಷ್ಟವೇ ಆಗುತ್ತಿತ್ತು. ಆದರೆ ಕೊನೆಯದಕ್ಕೆ ಮುಂಚಿನ ನುಡಿಯಲ್ಲಿ ತಡವರಿಸಿದರು. ಎರಡು ಸಲ ಎತ್ತಿಕೊಂಡು ನೋಡಿದರು. ಮಾತು ಬರಲಿಲ್ಲ. ಬರಿಯ ರಾಗವನ್ನೇ ಗುನುಗಿ ಮುಂದಕ್ಕೆ ದಾಟಿದರು. ಮೈಸೂರಿನಲ್ಲಿ ಆ ನುಡಿಯನ್ನು ಅವರು ಹಾಡಿದ್ದರು. ಬಾಗಿಲಿಗೆ ಒರಗಿ ನಿಂತಿದ್ದ ನನ್ನಾಕೆ ಅದಕ್ಕೇ ನಕ್ಕಿದ್ದಳು. ಏನೆಂದು ಅವಳಿಗೆ ಈಗ ನೆನಪಿಲ್ಲ, ನನಗೂ ಇಲ್ಲ.

ಗುಂಡಿಯನ್ನು ಒತ್ತಿ ನಿಲ್ಲಿಸಿದೆ. ಹನ್ನೊಂದು ನಿಮಿಷ ನಲವತ್ತು ಸೆಕೆಂಡು ಎಂದು ತೋರಿಸಿತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಆ ಅಂಕಿಗಳನ್ನು ನೋಡಿದರು.

“ಅಣ್ಣನ ಕಂಪ್ಯೂಟರಿಗೂ ಒಂದು ಹಾಕು,” ಎಂದರು. “ಊರಿಗೆ ಹೋಗಿ ಹಾಕುತ್ತೇನೆ ಅನ್ನಬೇಡ. ಈಗಲೇ, ನನ್ನ ಕಣ್ಣೆದುರಿಗೇ ಹಾಕು.”